ರುದ್ರಣ್ಣನವರ ಕೈ ಮತ್ತು ಚೀನೀ ಕುಂಚ

ಕೋವಿಡ್ ಕಾಟ ತಣ್ಣಗಾದ ಮೇಲಿನ ಮಾತು. ನಾನಾಗ ತರೀಕೆರೆ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಹಾಸಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಕಂಡಕ್ಟರುಗಳ ಕೂಗೂ ಎಲ್ಲೋ ದೂರದಿಂದ ತೇಲಿ ಬಂದಂತೆ ಕೇಳುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಅಜ್ಜಂಪುರದ ರುದ್ರಣ್ಣನವರನ್ನು ಮಗಳು ಸವಿತಾ ಕರೆತಂದಳು. ಅವರು ಬೋರ್ಡ್ ಬರೆಯುವವರು. ಕಡೂರಿನಿಂದ ತರೀಕೆರೆವರೆಗೆ ಅವರ ಅಕ್ಷರವಿಲ್ಲದ ಬೀದಿಯಿರಲಿಲ್ಲ. ಹೆಂಡತಿ ಗಿರಿಜಮ್ಮ ತೀರಿಕೊಂಡ ಮರುವರ್ಷ ಸ್ಟ್ರೋಕ್ ಆಗಿ ಅವರ ಬಲಗೈ ಬಿದ್ದುಹೋಗಿತ್ತು. ಸವಿತಾ ಕಡೂರಿನಲ್ಲಿ ಹೊಲಿಗೆ ಅಂಗಡಿ ತೆರೆಯುವವಳಿದ್ದಳು. ಅದಕ್ಕೆ ತಾಯಿಯ ಹೆಸರಿಡಬೇಕು, ಬೋರ್ಡನ್ನು ಅಪ್ಪನೇ ಬರೆಯಬೇಕು, ಅಲ್ಲಿಯವರೆಗೆ ಅಂಗಡಿ ತೆರೆಯುವುದಿಲ್ಲ ಎಂಬುದು ಅವಳ ಹಟ.

"ಫ್ಲೆಕ್ಸ್ ಹಾಕ್ಸೇ ಅಂದ್ರೆ ಕೇಳಲ್ಲ ಕಣ್ರೀ ಮೇಡಂ. ಈ ಕೈಲಿ ಏನ್ ಬರೀಲಿ?" ಎಂದರು ರುದ್ರಣ್ಣ.

ಕೆಲವು ತಿಂಗಳಲ್ಲಿ ಗ್ರಿಪ್ ಸ್ಟ್ರೆಂತ್, ಅಂದರೆ ಮುಷ್ಟಿಯ ಬಲ, ಮರಳಿ ಬಂತು. ಲೋಟ ಎತ್ತಿದರು, ಅಂಗಿಯ ಗುಂಡಿ ಹಾಕಿಕೊಂಡರು. ಕುಂಚ ಕೊಟ್ಟರೆ ಮಾತ್ರ ಕೈ ಗಡಗಡ. ನನಗೆ ರೇಗಿಹೋಯಿತು. ಅಲ್ಲ, ನರ ಸರಿಯಿದೆ, ಸ್ನಾಯು ಸರಿಯಿದೆ, ಇನ್ನೇನು ಧಾಡಿ ಈ ಮನುಷ್ಯನಿಗೆ!

ಆಗ ನೆನಪಾದವಳು ನನ್ನ ಹಾಸ್ಟೆಲ್ ಗೆಳತಿ, ಮಲೇಷ್ಯಾದ ಚೀನೀ ಹುಡುಗಿ. ಪರೀಕ್ಷೆಯ ಭಯ ಹತ್ತಿದಾಗಲೆಲ್ಲ ಅವಳು ಶಾಯಿಯ ಕಡ್ಡಿ ತೇಯ್ದು, ಕುಂಚ ಹಿಡಿದು ಚೀನೀ ಅಕ್ಷರ ಬರೆಯುತ್ತ ಕೂರುತ್ತಿದ್ದಳು. ನನಗೂ ಒಂದಿಷ್ಟು ಕಲಿಸಿದ್ದಳು. ಆ ಬರಹದ ಕಾಗದ ಶಾಯಿಯನ್ನು ಹೀರುತ್ತದೆ. ಕೈ ಹಿಂಜರಿದಲ್ಲಿ ಶಾಯಿ ಹರಡುತ್ತದೆ, ಅವಸರಪಟ್ಟಲ್ಲಿ ಗೆರೆ ಒಣಗಿ ಸೀಳುತ್ತದೆ. ಒಮ್ಮೆ ಎಳೆದ ಗೆರೆಯನ್ನು ತಿದ್ದುವಂತಿಲ್ಲ. ಬರೆದವರ ಸ್ವಭಾವ, ಆ ಗಳಿಗೆಯ ಮನಸ್ಸು ಎರಡೂ ಹಾಳೆಯ ಮೇಲೆ ಉಳಿದುಬಿಡುತ್ತವೆ ಎನ್ನುತ್ತಿದ್ದಳು.

ನಾನು ರುದ್ರಣ್ಣನವರಿಗೆ 'ಮನಸ್ಸು' ಎಂಬ ಚೀನೀ ಅಕ್ಷರ ಬರೆದು ತೋರಿಸಿದೆ. ಒಂದು ಬಾಗಿದ ಕೊಕ್ಕೆ, ಮೂರು ಚುಕ್ಕಿ.

"ಮನಸ್ಸು ಅಂದ್ರೆ ಇಷ್ಟೇನಾ?" ಎಂದು ನಕ್ಕರು. ಆಮೇಲೆ ಬೋರ್ಡ್ ಬರೆಯುವವರ ರೂಢಿಯಂತೆ ನಡುಗುತ್ತಲೇ ಮೊದಲು ಔಟ್‌ಲೈನ್ ಎಳೆದು, ಒಳಗೆ ಶಾಯಿ ತುಂಬಿದರು. ಹಾಳೆ ನೆನೆದು ಕಪ್ಪು ಮುದ್ದೆಯಾಯಿತು. ಮರುದಿನವೂ ಅದೇ ಕಥೆ. ತಿದ್ದಬೇಡಿ ಎಂದು ಗದರಿದೆ.

"ತಿದ್ದಿ ತಿದ್ದೀನೇ ಇಷ್ಟು ದಿನ ಅನ್ನ ತಿಂದಿರೋದು ಕಣ್ರೀ!" ಎಂದು ಅವರೂ ರೇಗಿದರು.

ಆದರೂ ಬಿಡದೆ ಬಂದರು. ಬರೆದ ಹಾಳೆಗಳನ್ನು ಹಗ್ಗಕ್ಕೆ ನೇತುಹಾಕುತ್ತಿದ್ದೆ. ಫ್ಯಾನಿನ ಗಾಳಿಗೆ ಅವು ಮೆಲ್ಲಗೆ ತೂಗುತ್ತಿದ್ದವು, ಕೋಣೆಯ ತುಂಬ ಶಾಯಿಯ ತಂಪು ವಾಸನೆ. ನೋಡುತ್ತ ಕೂತರೆ ಅವರ ಒಂದೊಂದು ದಿನವೂ ಎದುರಿಗೇ ತೇಲಿದಂತಾಗುತ್ತಿತ್ತು. ಒಂದು ದಿನ ಚುಕ್ಕಿಗಳು ಮೊನಚಾಗಿ, ಒರಟಾಗಿ ಬಂದಿದ್ದವು.

"ಮಗಳ ಹತ್ರ ಜಗಳ ಆಡ್ಕೊಂಡು ಬಂದ್ರಾ?" ಎಂದೆ.

ಅವರು ಕಕ್ಕಾಬಿಕ್ಕಿಯಾದರು. "ಇದೇನ್ರೀ ಮೇಡಂ, ಹಾಳೆ ಚಾಡಿ ಹೇಳುತ್ತಲ್ರೀ!"

ಆಮೇಲೆ ಕುಂಚ ಕೆಳಗಿಟ್ಟು ಮೆಲ್ಲಗೆ ಅಂದರು: "ಗಿರಿಜಾ ಹೆಸರು ಬರೆದ್ಬಿಟ್ರೆ ಅವಳು ಬರೀ ಬೋರ್ಡಾಗ್ಬಿಡ್ತಾಳೆ ಅನ್ಸುತ್ತೆ. ಅದಕ್ಕೇ ಕೈ ಬರಲ್ಲ."

ನಾನು ಇನ್ನೊಂದು ಹಾಳೆ ಕೊಟ್ಟೆ. ಅವರು ಬರೆದರು. ಈ ಸಲ ಚುಕ್ಕಿಗಳು ಮೆತ್ತಗೆ ಹರಡಿಕೊಂಡವು. ಅವರು ತಿದ್ದಲಿಲ್ಲ.

ಮುಂದಿನ ವಾರ ಅವರಾಗಿಯೇ ಬೋರ್ಡಿಗೆ ಕೈ ಹಾಕಿದರು. ಕಡೂರಿನ ಅಂಗಡಿಗೆ ನಾನೂ ಹೋಗಿದ್ದೆ. ಔಟ್‌ಲೈನ್ ಇಲ್ಲದೆ, ಹಳದಿ ತಗಡಿನ ಮೇಲೆ ನೀಲಿಯಲ್ಲಿ ನೇರ ಬರೆದರು: 'ಗಿರಿಜಾ ಟೈಲರ್ಸ್'. 'ಟೈಲರ್ಸ್' ಅಚ್ಚು ಹಾಕಿದ ಹಾಗಿತ್ತು. 'ಗಿರಿಜಾ' ಮಾತ್ರ ಉದ್ದಕ್ಕೂ ನಡುಗಿತ್ತು. ಒಂದೇ ಕೈ, ಒಂದೇ ಕುಂಚ! ರುದ್ರಣ್ಣ ನಾಚಿಕೊಂಡು ಟರ್ಪೆಂಟೈನ್ ಬಟ್ಟೆ ಎತ್ತಿಕೊಂಡರು.

"ತಾಳು ಕಣವ್ವ, ಒರೆಸಿ ಸರಿ ಮಾಡ್ತೀನಿ."

ಸವಿತಾ ಅವರ ಕೈ ಹಿಡಿದುಕೊಂಡಳು. "ಬ್ಯಾಡಪ್ಪ. ಅವ್ವನ ಹೆಸರು ಬರಿವಾಗ ನಿನ್ ಕೈ ನಡುಗ್ದೇ ಇದ್ದಿದ್ರೆ ನಂಗೆ ಬೇಜಾರಾಗ್ತಿತ್ತು."

ರುದ್ರಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತು ಗಳಗಳನೆ ಅತ್ತರು. ಎಲ್ಲ ನಡುಕವನ್ನೂ ವಾಸಿ ಮಾಡಲು ಹೊರಡಬಾರದು ಎಂಬುದನ್ನು ನನ್ನ ವೃತ್ತಿ ನನಗೆ ಕಲಿಸಿದ್ದು ಅಂದು, ಆ ಅಂಗಡಿಯ ಬಾಗಿಲಲ್ಲಿ.