ಬಣ್ಣ ಬಿಟ್ಟ ಮುಚ್ಚಳ

ಅವರ ಬಲಗೈ ಹೆಬ್ಬೆರಳಿನ ಉಗುರು ಉಗುರಿನ ಬಣ್ಣದಲ್ಲಿ ಇದ್ದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಒಂದು ವಾರ ಹಸಿರು, ಮತ್ತೊಂದು ವಾರ ಇಟ್ಟಿಗೆ ಕೆಂಪು. ಬಣ್ಣ ಹಚ್ಚಿ ಒಣಗಿಸಿದ ಟ್ಯಾಂಕಿನ ಮೇಲೆ ನಾಲ್ಕು ಹನಿ ಪೆಟ್ರೋಲು ಚೆಲ್ಲಿ, ಆ ಹೆಬ್ಬೆರಳಿನಿಂದ ಗಸಗಸ ಉಜ್ಜುವರು. ಉಗುರಿಗೆ ಬಣ್ಣ ಹತ್ತಿತೋ, ಟ್ಯಾಂಕಿನ ಯಜಮಾನ ಎದುರಿಗೇ ನಿಂತಿದ್ದರೂ ಸರಿ, ತಮ್ಮನ್ನೇ ಬೈದುಕೊಂಡು ಹಚ್ಚಿದ್ದನ್ನೆಲ್ಲ ಕೆರೆದು ಹಾಕುವರು.

ಕೊಡ್ಲಿಪೇಟೆಯ ಸಂತೆ ಬೀದಿಯಲ್ಲಿ ಅವರದೊಂದು ತಗಡಿನ ಮಾಡಿನ ಅಂಗಡಿ. ಊರಿಗೆಲ್ಲ ಪೇಂಟರಣ್ಣ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಪೇಟೆ ದಾಟಿ ಸ್ವಲ್ಪ ದೂರ ಹೋದರೆ ಮೈಸೂರು ಸೀಮೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲ್ಲು, ಲಾರಿಗಳು ನಮ್ಮ ಎಸ್ಟೇಟುಗಳಿಗೆ ಬಂದು ಬಿದ್ದಿದ್ದವು. ಅವುಗಳ ತುಕ್ಕು ಹಿಡಿದ ಟ್ಯಾಂಕುಗಳೆಲ್ಲ ಪೇಂಟರಣ್ಣನ ಬೆಂಚಿಗೇ ಬರುತ್ತಿದ್ದವು. ಅವರ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ನಮ್ಮ ಎಸ್ಟೇಟಿನ ದೊರೆಯ ಮೇಲೆ, ನನ್ನ ಮೇಲೆ, ಕೊನೆಗೆ ಅವರ ಮೇಲೂ.

ಅಂಗಡಿಯಲ್ಲಿ ಸಿಗುವ ಎಣ್ಣೆ ಬಣ್ಣ ಪೆಟ್ರೋಲು ತಾಗಿದರೆ ಮೆತ್ತಗಾಗಿ ಏಳುತ್ತದೆ. ಉಳಿದ ಪೇಂಟರುಗಳು ಅದನ್ನೇ ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹಾಗಲ್ಲ. ಸಿಗರೇಟು ಡಬ್ಬಿಯ ಮುಚ್ಚಳಗಳಿಗೆ ಬಗೆಬಗೆಯ ಬಣ್ಣ ಬಳಿದು, ಪೆಟ್ರೋಲು ತುಂಬಿದ ಭರಣಿಯಲ್ಲಿ ಎಂಟು ದಿನ ಮುಳುಗಿಸಿಡುವರು. ಯಾರಾದರೂ ಅವಸರ ಮಾಡಿದರೆ, "ಕುಡೀಲಿ ಬುಡಿ, ಕುಡ್ದೂ ನಿಂತ್ಕತದಾ ನೋಡಾನ" ಎನ್ನುವರು. ಕೊನೆಗೆ ನಿಂತದ್ದು ಅರಗು. ಬಡಗಿಗಳು ಕುರ್ಚಿ ಮೇಜಿಗೆ ಹಚ್ಚುವ ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ, ಬಣ್ಣದ ಪುಡಿ ಕಲಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಹಚ್ಚುವರು. ಎಂಟು ದಿನ ಕಳೆದ ಮುಚ್ಚಳದ ಮೇಲೆ ಅದು ಯಾವ ಊರಿನ ಬಂಕಿನ ಪೆಟ್ರೋಲೆಂದು ಮೊಳೆಯಿಂದ ಗೀಚಿ ಗೋಡೆಗೆ ನೇತುಹಾಕುವರು. ಮಡಿಕೇರಿ, ಸೋಮವಾರಪೇಟೆ, ಹೀಗೆ.

ನಾನು ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಕೂಲಿಗಳ ಲೈನು ಮನೆ ಸುತ್ತಿ ಹಾಜರಿ ಹಿಡಿಯಲು ಎಸ್ಟೇಟಿನ ಮೋಟಾರ್ ಸೈಕಲ್ಲು ಕೊಟ್ಟಿದ್ದರು. ಅದರ ಟ್ಯಾಂಕಿಗೆ ಪೇಂಟರಣ್ಣ ಕಡು ಹಸಿರು ಹಚ್ಚಿ ಕೊಟ್ಟ ದಿನ ಬೆರಳು ತೋರಿಸಿ ಹೇಳಿದ್ದರು: "ರೈಟರೇ, ಗಡಿಯಾಚೆ ಬಂಕಲ್ಲಿ ಮಾತ್ರ ಹುಯ್ಸ್ಬೇಡಿ. ಅಲ್ಲಿ ಪೆಟ್ರೋಲಿಗೆ ಸ್ಪಿರಿಟ್ಟು ಬೆರೆಸ್ತರಂತೆ. ಸ್ಪಿರಿಟ್ಟಲ್ಲಿ ಕರಗ್ಸಿರೋ ಅರಗು ಸ್ಪಿರಿಟ್ಟು ಬಿದ್ರೆ ಎದ್ದು ಹೋಯ್ತದೆ."

ನಾನು ತಲೆಯಾಡಿಸಿದೆ. ತಿಂಗಳೊಳಗೆ ಅದನ್ನೇ ಮಾಡಿದೆ.

ಗಡಿಯಾಚೆ ಸಕಲೇಶಪುರದ ಕಡೆಯ ಎಸ್ಟೇಟಿನಲ್ಲಿ ಕೆಲಸ ಖಾಲಿ ಇದೆಯೆಂದು ಕೇಳಿ, ನಮ್ಮ ದೊರೆಗೆ ಸೋಮವಾರಪೇಟೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಹೊರಟಿದ್ದೆ. ಮ್ಯಾನೇಜರನ್ನು ಆಗ ನಾವು ದೊರೆ ಎನ್ನುತ್ತಿದ್ದೆವು. ಕೆಲಸ ಸಿಗಲಿಲ್ಲ. ವಾಪಸು ಬರಲು ಪೆಟ್ರೋಲು ಸಾಲದು. ಸಕಲೇಶಪುರದ ಬಂಕಿನವನು ಟ್ಯಾಂಕು ತುಂಬಿ ಮೇಲೆಲ್ಲ ಚೆಲ್ಲಿದ. ಮನೆ ಮುಟ್ಟುವಷ್ಟರಲ್ಲಿ ಹಸಿರು ಬಣ್ಣ ಅಂಟಂಟಾಗಿ ಇಳಿದು ನನ್ನ ಚಡ್ಡಿಗೂ ಮೊಣಕಾಲಿಗೂ ಮೆತ್ತಿತ್ತು.

ದೊರೆ ಮಾರನೆಯ ದಿನ ನೋಡಿದರು. ಎಲ್ಲಿ ಹಾಕಿಸಿದ್ದೆಂದು ಕೇಳಿದರು. ಸೋಮವಾರಪೇಟೆ ಎಂದೆ. ನಿಜ ಹೇಳಿದ್ದರೆ ಅಂದೇ ನನ್ನ ಪೆಟ್ಟಿಗೆ ರಸ್ತೆಗೆ ಬೀಳುತ್ತಿತ್ತು. ಅವರು ಟ್ಯಾಂಕು ಬಿಚ್ಚಿಸಿ, ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು, ಸಂತೆಯ ದಿನವೇ ಪೇಂಟರಣ್ಣನ ಬೆಂಚಿನ ಮೇಲೆ ಅದನ್ನು ಧಡಾರನೆ ಕುಕ್ಕಿದರು. ಸಂತೆಗೆ ಬಂದವರೆಲ್ಲ ಸುತ್ತ ನಿಂತರು.

"ಇದೇನಯ್ಯಾ ನಿನ್ನ ಕೆಲಸ?"

ಪೇಂಟರಣ್ಣ ಟ್ಯಾಂಕಿನ ಬಾಯಿಗೆ ಮೂಗಿಟ್ಟು ಮೂಸಿದರು. ಆಮೇಲೆ ನನ್ನ ಮುಖ ನೋಡಿದರು.

"ರೈಟ್ರು ಎಲ್ಲಿ ಹುಯ್ಸಿದ್ದು?"

"ಸೋಮವಾರಪೇಟೆ" ಎಂದೆ, ಅವರ ಕಣ್ಣೆದುರಿಗೇ.

ಅವರು ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. "ಹಂಗಾರೆ ತಪ್ಪು ನಂದೇ ದೊರೆ. ಅರಗು ಹದ ಆಗಿರ್ಲಿಲ್ಲ."

ದೊರೆ ಕಳ್ಳ ಎಂದರು, ಮೋಸಗಾರ ಎಂದರು, ಇನ್ನು ತನ್ನ ಎಸ್ಟೇಟಿನಿಂದ ಒಂದು ಮೊಳೆಯೂ ಇಲ್ಲಿಗೆ ಬರುವುದಿಲ್ಲ ಎಂದರು. ಟ್ಯಾಂಕನ್ನು ಒಮ್ಮೆ ಮೂಸಿ ನೋಡುವಷ್ಟೂ ಬುದ್ಧಿಯಿಲ್ಲದ ಮನುಷ್ಯ, ಉಗುರಿಗೆ ಬಣ್ಣ ಹತ್ತಿದರೆ ರಾತ್ರಿ ಊಟ ಬಿಡುತ್ತಿದ್ದವರನ್ನು ಮೋಸಗಾರ ಎಂದ! ನೆನೆದರೆ ಈಗಲೂ ಮೈ ಉರಿಯುತ್ತದೆ. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತವನು ನಾನು. ಆತನಿಗಾದರೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮರುವಾರ ಅಂಗಡಿಗೆ ಹೋದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳುವಷ್ಟರಲ್ಲಿ ಅವರೇ ಹರಿಹಾಯ್ದರು.

"ಮೂರು ಮಕ್ಳು ನಿಮ್ಗೆ. ಕೂತಿರೋ ಮನೆ ದೊರೇದು. ಕೆಲ್ಸ ಹೋದ್ರೆ ಮನೇನೂ ಹೋಯ್ತದೆ. ಎಲ್ಲಿಗ್ ಕರ್ಕಂಡ್ ಹೋಯ್ತೀರಿ ಅವ್ರ್ನ? ನನ್ನ ಅಂಗ್ಡಿ ನಂದು, ಹೆಂಗೋ ನಡೀತದೆ. ಹೋಗಿ ಅತ್ಲಾಗೆ. ಸುಳ್ಳು ಬೊಗಳಿದ್ ಮೂತಿ ನಂಗ್ ತೋರಿಸ್ಬೇಡಿ."

ಅಂಗಡಿ ನಡೆಯಲಿಲ್ಲ. ಒಂದು ಎಸ್ಟೇಟು ಬಿಟ್ಟದ್ದೇ ಉಳಿದವರೂ ಬಿಟ್ಟರು. ಟ್ಯಾಂಕಿನ ಕೆಲಸ ನಿಂತು, ಅವರು ಕಿಟಕಿ ಸರಳಿಗೆ, ಎತ್ತಿನ ಗಾಡಿಗೆ ಬಣ್ಣ ಹಚ್ಚುತ್ತ ಕುಳಿತರು. ಆದರೆ ಬಸ್ಸಿನ ಡ್ರೈವರೊಬ್ಬನ ಕೈಲಿ ಸಕಲೇಶಪುರದಿಂದ ಒಂದು ಬಾಟಲಿ ಪೆಟ್ರೋಲು ತರಿಸಿ, ಅರಗು ಹಚ್ಚಿದ ಮುಚ್ಚಳವೊಂದನ್ನು ಅದರಲ್ಲಿ ಮುಳುಗಿಸಿದರು. ಎಂಟು ದಿನ ಬೇಕಾಗಲಿಲ್ಲ. ಬಣ್ಣ ಬಿಟ್ಟು ಬರಿ ತಗಡಾದ ಆ ಮುಚ್ಚಳದ ಮೇಲೆ 'ಸಕಲೇಶಪುರ' ಎಂದು ಗೀಚಿ, ಬಾಗಿಲಿಗೆ ಎದುರಾಗಿ ಮೊಳೆ ಹೊಡೆದು ನೇತುಹಾಕಿದರು. ಅದೇನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರತಿ ಸಂತೆಗೂ ನಾನು ಆ ಬೀದಿಯಲ್ಲೇ ಹೋಗಬೇಕಿತ್ತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅವರ ಮೇಲೆ ಸಿಟ್ಟು ಬರುತ್ತಿತ್ತು. ಹೇಳುವುದಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? ನನ್ನನ್ನು ಉಳಿಸೆಂದು ಇವರನ್ನು ಕೇಳಿದವರು ಯಾರು? ಸಾಲ ಹೊರಿಸಿದವರ ಮೇಲೆ ಬರುವ ಸಿಟ್ಟು ಅದು, ನಾಚಿಕೆಗೆಟ್ಟದ್ದು.

ಕೊಡಗು ಮೈಸೂರಿಗೆ ಸೇರುವ ಸ್ವಲ್ಪ ಮೊದಲು ಅವರು ತೀರಿಕೊಂಡರು. ಅಷ್ಟರಲ್ಲಿ ತೋಟ ಮಾರಾಟವಾಗಿ ಆ ದೊರೆ ಊರು ಬಿಟ್ಟಾಗಿತ್ತು. ನನಗೆ ಹೆದರಲು ಯಾರೂ ಇರಲಿಲ್ಲ. ಸಾವಿನ ದಿನ ಅವರ ಮನೆಯ ಅಂಗಳದಲ್ಲಿ ಲಾರಿ ಯಜಮಾನನೊಬ್ಬ ಬೀಡಿ ಹಚ್ಚಿ, "ಒಳ್ಳೆ ಕೈ ಕಣ್ರೀ. ಎಸ್ಟೇಟು ಟ್ಯಾಂಕಿಗೆ ಕಳಪೆ ಬಣ್ಣ ಬಳ್ದು ಹೆಸ್ರು ಕೆಡುಸ್ಕಂಡ, ಪಾಪ" ಎಂದ.

ನನಗೆ ತಡೆಯಲಾಗಲಿಲ್ಲ. ಕಳಪೆಯಲ್ಲ, ಸಕಲೇಶಪುರದಲ್ಲಿ ಹಾಕಿಸಿದವನು ನಾನು, ಸುಳ್ಳು ಹೇಳಿದವನು ನಾನು, ಅವರದೇನೂ ತಪ್ಪಿಲ್ಲ ಎಂದು ಕೂಗಿದೆ. ಅಂಗಳವೆಲ್ಲ ತಿರುಗಿ ನೋಡಿತು. ಲಾರಿ ಯಜಮಾನ ಬೀಡಿ ಕೆಳಗೆ ಹಾಕಿದ.

ಜಗಲಿಯಲ್ಲಿ ಕುಳಿತಿದ್ದ ಅವರ ಹೆಂಡತಿ ತಲೆಯೆತ್ತಿದರು. ಅಳು ನಿಲ್ಲಿಸಿ, ನಿಧಾನವಾಗಿ ಕೇಳಿದರು:

"ಇಷ್ಟು ಜೋರಾಗಿ ಹೇಳಕ್ಕೆ ಬರ್ತದಲ್ಲ ನಿಮ್ಗೆ. ಅವತ್ತು ಏನಾಗಿತ್ತು ರೈಟರೇ?"