ನಡುವಿನಿಂದಲೂ ಕೊಯ್ಯುವ ದ್ರೌಪದಮ್ಮ

ಬೆಳಿಗ್ಗೆ ಐದೂಕಾಲು. ಸೋಲದೇವನಹಳ್ಳಿಯ ಖಾಸಗಿ ಪಾಲಿಮರ್ ಪರೀಕ್ಷಾಲಯದ ನೆಲಮಾಳಿಗೆಯಲ್ಲಿ ದ್ರೌಪದಮ್ಮ ಫ್ಯಾನ್ ಆರಿಸುತ್ತಾರೆ, ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಾರೆ, ಬಳೆ ಬಿಚ್ಚಿ ಕಪಾಟಿನ ಮೇಲಿಡುತ್ತಾರೆ. ನಂತರ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುತ್ತಾರೆ. ಎದುರಿನ ಯಂತ್ರದ ತೋಳು ನೈಲಾನಿನ ತುಂಡೊಂದನ್ನು ಹಿಡಿದು ವಜ್ರದ ಅಲಗಿನ ಮೇಲೆ ಇಳಿಸುತ್ತದೆ, ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗದಲ್ಲಿ. ಪ್ರತಿ ಸಲ ಇಳಿದಾಗಲೂ ಒಂದು ಸೀಳು ಬಿಡಿಸಿಕೊಂಡು ಅಲಗಿನ ಹಿಂದಿನ ಪುಟ್ಟ ತೊಟ್ಟಿಯ ನೀರಿನಲ್ಲಿ ತೇಲುತ್ತದೆ. ಅದರ ದಪ್ಪ ಎಪ್ಪತ್ತು ನ್ಯಾನೊಮೀಟರ್. ತಲೆಗೂದಲಿನ ಸುಮಾರು ಸಾವಿರದಲ್ಲೊಂದು ಪಾಲು.

ಗೋಡೆಗೊರಗಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಶಿಲ್ಪ ಇಣುಕಲು ಬಾಗುತ್ತಾರೆ.

"ಶಿಲ್ಪಮ್ಮ, ಉಸಿರು ಆ ಕಡೆ ಬಿಡು. ನಿನ್ ನಾಕು ವರ್ಷದ ಕೆಲ್ಸ ಹಾರೋಗ್ತದೆ," ಎನ್ನುತ್ತಾರೆ ದ್ರೌಪದಮ್ಮ, ತಲೆ ಎತ್ತದೆ.

ಇಷ್ಟು ಬೇಗ ಏಕೆ ಎಂದರೆ ಕಾರಣ ರಸ್ತೆಯಲ್ಲಿದೆ. "ಆರು ಗಂಟೆಗೆ ಹೆಸರಘಟ್ಟ ರೋಡಲ್ಲಿ ಜಲ್ಲಿ ಲಾರಿ ಶುರುವಾಗ್ತವೆ. ನೆಲ ಅದುರಿದ್ರೆ ಸೀಳಿನ ಮ್ಯಾಲೆ ಗೆರೆ ಬೀಳ್ತದೆ. ನಮಗೆ ಕಾಣಲ್ಲ, ದೊಡ್ಡ ಮೈಕ್ರೋಸ್ಕೋಪಿಗೆ ಕಾಣ್ತದೆ." ಐದರಿಂದ ಆರರವರೆಗಿನ ಈ ಒಂದು ಗಂಟೆಯಲ್ಲಿ ಅವರು ನಲವತ್ತರಷ್ಟು ಸೀಳು ತೆಗೆಯುತ್ತಾರೆ. ಹನ್ನೆರಡು ಕೆಲಸಕ್ಕೆ ಬಂದರೆ ಒಳ್ಳೆಯ ದಿನ.

ದಪ್ಪವನ್ನು ಅಳೆಯುವುದು ನೀರಿನ ಮೇಲಿನ ಬಣ್ಣ ನೋಡಿ. "ಬೆಳ್ಳಿ ಬಣ್ಣ ಬಂದ್ರೆ ತೆಳ್ಳಗದೆ ಅಂತ. ಚಿನ್ನದ ಬಣ್ಣ ಬಂದ್ರೆ ದಪ್ಪ, ಬಿಸಾಕು. ಚಿನ್ನ ಬಿಸಾಕೋ ಕೆಲ್ಸ ಬೆಂಗಳೂರಲ್ಲಿ ನಂದೊಂದೇ ಇರ್ಬೇಕು." ಒಳ್ಳೆಯ ಸೀಳುಗಳನ್ನು ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯತ್ತ ತಳ್ಳಲು ಅವರು ಬಳಸುವುದು ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲನ್ನು. ಅದು ಅವರದೇ ರೆಪ್ಪೆಯದು.

ಶಿಲ್ಪ ಅವರ ನೈಲಾನಿನಲ್ಲಿ ನೂರಕ್ಕೆ ಮೂರು ಪಾಲು ಜೇಡಿಮಣ್ಣಿದೆ. ಈ ಜಾತಿಯ ಮಣ್ಣಿನ ಒಂದೊಂದು ಕಣವೂ ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳ ಕಟ್ಟು. "ವೀಳ್ಯದೆಲೆ ಕಟ್ಟು ನೀರು ಕುಡ್ದು ಅಂಟ್ಕತದಲ್ಲ, ಅಂಗೆ," ಎಂದು ದ್ರೌಪದಮ್ಮ ವಿವರಿಸುತ್ತಾರೆ. ಕರಗಿದ ನೈಲಾನಿನ ಜೊತೆ ಅರೆದು ಈ ಕಟ್ಟನ್ನು ಒಂಟಿ ಹಾಳೆಗಳಾಗಿ ಬಿಡಿಸಿದರೆ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಅದರಿಂದ ಪೆಟ್ರೋಲ್ ಟ್ಯಾಂಕ್ ಮಾಡಿದರೆ ಆವಿ ನುಸುಳುವ ದಾರಿಯೂ ಸುತ್ತುಬಳಸಾಗುತ್ತದೆ. ಬಿಡಿಸಿಕೊಂಡಿದೆಯೇ ಇಲ್ಲವೇ ಎಂದು ಕಣ್ಣಾರೆ ಕಾಣಬೇಕಾದರೆ ಹೀಗೆ ಕೊಯ್ಯಲೇಬೇಕು.

ನಲವತ್ತಾರು ವರ್ಷದ ದ್ರೌಪದಮ್ಮ ಅಟ್ಟೂರಿನವರು, ಹಳೇ ಊರಿನ ಮನೆತನ. ಏಳನೇ ತರಗತಿಯವರೆಗೆ ಓದಿದ್ದಾರೆ. ಯಶವಂತಪುರದ ಗಾರ್ಮೆಂಟ್ಸ್ ಒಂದರಲ್ಲಿ ಅಂಗಿಗಳ ಹೆಚ್ಚುವರಿ ದಾರ ಕತ್ತರಿಸುತ್ತಿದ್ದರು. ಅದು ಮುಚ್ಚಿದ ಮೇಲೆ, 2006ರಲ್ಲಿ, ಇಲ್ಲಿ ಕಸ ಗುಡಿಸಲು ಸೇರಿದರು. ಆಗಿನ ತಂತ್ರಜ್ಞ ರಘುನಾಥ್ ಅವರಿಗೆ ಕೈ ನಡುಗಲು ಶುರುವಾಗಿತ್ತು. ಸೀಳು ಎತ್ತಿಕೊಡಲು ಇವರನ್ನು ಕರೆದರು, ಬಳಿಕ ಇಡೀ ಕೆಲಸವನ್ನೇ ಕಲಿಸಿದರು. 2011ರಲ್ಲಿ ಅವರು ನಿವೃತ್ತರಾದಂದಿನಿಂದ ಯಂತ್ರ ಇವರ ಕೈಯಲ್ಲಿದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಇವರು ಇವತ್ತಿಗೂ 'ಸಹಾಯಕಿ, ಗುತ್ತಿಗೆ'.

ಮುಂಜಾನೆ ಸ್ಕೂಟರಿನಲ್ಲಿ ತಂದು ಬಿಡುವವರು ಪತಿ ಮುನಿಆಂಜಿನಪ್ಪ. "ತೋರಿಸ್ತೀನಿ ಬಾ ಅಂದ್ಲು ಒಂದಿನ. ಓಗಿ ನೋಡಿದ್ರೆ ನೀರು ಬಿಟ್ರೆ ಏನೂ ಇಲ್ಲ. ಇದಕ್ಕಾ ನನ್ ನಿದ್ದೆ ಕೆಡಿಸ್ತೀಯ ಅಂದೆ."

ಕಳೆದ ಫೆಬ್ರುವರಿಯಲ್ಲಿ ಶಿಲ್ಪ ಮೊದಲ ಸಲ ತಮ್ಮ ನೈಲಾನ್ ಪಟ್ಟಿ ತಂದಾಗ ಪ್ರಬಂಧ ಸಲ್ಲಿಸಲು ಮೂರು ವಾರವಷ್ಟೇ ಉಳಿದಿತ್ತು. ಎಕ್ಸ್‌ರೇ ಪರೀಕ್ಷೆಯ ಗ್ರಾಫಿನಲ್ಲಿ ಕಟ್ಟುಗಳನ್ನು ಸೂಚಿಸುವ ಶಿಖರ ಮಾಯವಾಗಿತ್ತು. ಹಾಳೆಗಳೆಲ್ಲ ಬಿಡಿಸಿಕೊಂಡಿವೆ ಎಂದೇ ಅವರು ಬರೆದಿದ್ದರು. ಕಟ್ಟುಗಳು ಬರೀ ಅಸ್ತವ್ಯಸ್ತವಾದರೂ ಆ ಶಿಖರ ಮಾಯವಾಗಬಹುದು ಎಂಬುದು ಅವಸರದಲ್ಲಿ ಮರೆತುಹೋಗಿತ್ತು. ಅವರು ಕೇಳಿದ್ದು ಪಟ್ಟಿಯ ಅಂಚಿನಿಂದ ಆರು ಜಾಲರಿ. ದ್ರೌಪದಮ್ಮ ಅವನ್ನು ಕೊಟ್ಟರು. ಪಟ್ಟಿಯ ನಡುವಿನಿಂದಲೂ ಎರಡು ಕೊಯ್ದು ಜೊತೆಗಿಟ್ಟರು.

ಅಂಚಿನ ಚಿತ್ರಗಳಲ್ಲಿ ಹಾಳೆಗಳು ಒಂಟೊಂಟಿಯಾಗಿದ್ದವು. ನಡುವಿನವುಗಳಲ್ಲಿ ಕಟ್ಟುಗಳು ಹಾಗೇ ಕೂತಿದ್ದವು. ಕರಗಿದ ನೈಲಾನ್ ಅಚ್ಚಿಗೆ ನುಗ್ಗುವಾಗ ಗೋಡೆಯ ಬಳಿ ಹಾಳೆಗಳನ್ನು ಬಿಡಿಸುವ ಉಜ್ಜಾಟ ಹೆಚ್ಚು, ನಡುವೆ ಕಡಿಮೆ.

ಪರೀಕ್ಷಾಲಯದ ಮುಖ್ಯಸ್ಥರೂ ಶಿಲ್ಪ ಅವರ ಮಾರ್ಗದರ್ಶಕರೂ ಆದ ಯೋಗಾನಂದ ಕೆಳಗಿಳಿದು ಬಂದರು. "ನಡುವೆ ಕೊಯ್ಯೋಕೆ ಯಾರಮ್ಮ ಹೇಳಿದ್ದು ನಿಮ್ಗೆ?"

"ಯಾರೂ ಏಳಿಲ್ಲ ಸಾರ್, ಕೊಯ್ದೆ. ಬ್ಯಾಡ ಅಂದ್ರೆ ಕಸಕ್ಕಾಕಿ. ಅಲ್ಲಿರೋದು ಅಲ್ಲೇ ಇರ್ತದೆ."

ಆ ಏಪ್ರಿಲ್‌ನಲ್ಲಿ ದ್ರೌಪದಮ್ಮನ ಗುತ್ತಿಗೆ ನವೀಕರಣದ ಸಹಿ ನಲವತ್ತು ದಿನ ತಡವಾಯಿತು. "ಸಿಟ್ಟು ಬಂದಿದ್ದು ನಿಜ. ಚಿತ್ರ ಸುಳ್ಳು ಅಂತ ನಾನು ಯಾವತ್ತೂ ಹೇಳಿಲ್ಲ. ಸಹಿ ತಡ ಆಗಿದ್ದಕ್ಕೆ ಬೇರೆ ಕಾರಣ ಇತ್ತು," ಎನ್ನುತ್ತಾರೆ ಯೋಗಾನಂದ. ಆ ನಲವತ್ತು ದಿನವೂ ದ್ರೌಪದಮ್ಮ ಐದು ಗಂಟೆಗೇ ಬಂದರು. "ಕರೀದೆ ಇದ್ರೆ ಎಲ್ಲಿಗೋಗ್ಲಿ? ಈ ಮಿಷನ್ ಇನ್ನೆಲ್ಲಿದೆ ನಂಗೆ?"

"ಒಂದು ತಿಂಗಳು ಅವ್ರನ್ನ ಮಾತಾಡಿಸ್ಲಿಲ್ಲ. ಕಾಫಿ ತಂದಿಟ್ರೆ ಮುಖ ತಿರುಗಿಸ್ಕೊಂಡೆ," ಎಂದು ಶಿಲ್ಪ ಒಪ್ಪಿಕೊಳ್ಳುತ್ತಾರೆ. ಬಳಿಕ ಹೊಸದಾಗಿ ಶುರುಮಾಡಿದರು. ಮಣ್ಣನ್ನು ಹೆಚ್ಚು ಹೊತ್ತು ಒಣಗಿಸಿದರು, ಅರೆಯುವ ಯಂತ್ರದ ಮೂಲಕ ನಿಧಾನವಾಗಿ ಎರಡು ಸಲ ಹಾಯಿಸಿದರು. ಏಳು ತಿಂಗಳು ಹೋಯಿತು. ಡಿಸೆಂಬರಿಗೆ ಅವರ ಶಿಷ್ಯವೇತನ ನಿಲ್ಲುತ್ತದೆ. ಈ ಬೆಳಿಗ್ಗೆ ಅಲಗಿನ ಮೇಲೆ ಇಳಿಯುತ್ತಿರುವುದು ಆ ಹೊಸ ಪಟ್ಟಿಯ ನಡುಭಾಗ. ಇಲ್ಲೂ ಕಟ್ಟುಗಳೇ ಕಂಡರೆ ಮೂರನೇ ಸಲಕ್ಕೆ ಸಮಯವಿಲ್ಲ.

ಐದು ಐವತ್ತಕ್ಕೆ ದ್ರೌಪದಮ್ಮ ಕೊನೆಯ ಜಾಲರಿಯನ್ನು ಡಬ್ಬಿಗಿಟ್ಟು ಮುಚ್ಚಳ ಒತ್ತುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇರುವುದು ನಗರದ ಬೇರೊಂದು ಸಂಸ್ಥೆಯಲ್ಲಿ, ಪಾಳಿ ಸಿಗುವುದು ಗುರುವಾರ.

ಗುರುವಾರ ಮಧ್ಯಾಹ್ನ ಅಲ್ಲಿನ ಪರದೆಯ ಮುಂದೆ ಶಿಲ್ಪ ಕಪ್ಪು ಗೆರೆಗಳಾಗಿ ಕಾಣುವ ಹಾಳೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ನೂರರಲ್ಲಿ ಎಪ್ಪತ್ತೆಂಟು ಒಂಟಿ ಹಾಳೆಗಳು, ಉಳಿದವು ಎರಡು ಮೂರರ ಗುಂಪು. ಹಿಂದಿನ ಪಟ್ಟಿಯ ನಡುವಿನಲ್ಲಿ ಒಂಟಿಯಾಗಿದ್ದವು ಹತ್ತೊಂಬತ್ತು. ಅವರು ಅಲ್ಲಿಂದಲೇ ದ್ರೌಪದಮ್ಮನಿಗೆ ಫೋನ್ ಮಾಡುತ್ತಾರೆ. ಪ್ರಬಂಧದ ಶೀರ್ಷಿಕೆಯಿಂದ 'ಸಂಪೂರ್ಣ' ಎಂಬ ಪದ ತೆಗೆಯುತ್ತೇನೆ, ಮಿಕ್ಕಿದ್ದು ನಿಲ್ಲುತ್ತದೆ ಎನ್ನುತ್ತಾರೆ. ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕಲೇ ಎಂದೂ ಕೇಳುತ್ತಾರೆ. ದ್ರೌಪದಮ್ಮ ಕೊಯ್ದ ಸೀಳುಗಳಿರುವ ಇಪ್ಪತ್ಮೂರು ಪ್ರಬಂಧಗಳಲ್ಲಿ ಈವರೆಗೆ ಎಲ್ಲೂ ಆ ಹೆಸರಿಲ್ಲ.

"ಆಕು, ಬ್ಯಾಡ ಅನ್ನಲ್ಲ. ನಮ್ಮನೇಲಿ ತೋರಿಸ್ಬೋದು," ಎನ್ನುತ್ತಾರೆ ದ್ರೌಪದಮ್ಮ. "ಆದ್ರೆ ಫೋಟೊ ಕೆಳಗೆ ಎಲ್ಲಿಂದ ಕೊಯ್ದಿದ್ದು ಅಂತ ಮೊದ್ಲು ಬರಿ ಮಗಳೆ. ಓದೋರು ಅಂಚು ಅನ್ಕಂಬಿಟ್ಟಾರು. ಇದು ನಡುವಿಂದು."