ಟರ್ಕಿಯ ಗುರು ಕೇಳಿದ ಅಳುವ ಹಾಡು

ಶನಿವಾರ ಬೆಳಿಗ್ಗೆ ಆರೂವರೆಗೆ ಗಂಜಾಂನ ಮನೆಯಿಂದ ಹೊರಟೆ. ಕಾವೇರಿಯ ಮಂಜು ಬೀದಿಯವರೆಗೂ ಬಂದಿತ್ತು. ಹೆಗಲಲ್ಲಿ ಸಾಜ್ ಇತ್ತು. ನಮ್ಮ ತಂಬೂರಿಯಂತೆ ಉದ್ದ ಕತ್ತಿನ ಟರ್ಕಿಯ ವಾದ್ಯ. ಪಾಂಡವಪುರದಲ್ಲಿ ಬಸ್ಸು ಬದಲಿಸಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಕಂಡಕ್ಟರು ಸಾಜ್‌ನ ಚೀಲವನ್ನು ಒಮ್ಮೆ ತಟ್ಟಿ ನೋಡಿ, ಅದಕ್ಕೂ ದುಡ್ಡು ಕೇಳದೆ ಬಿಟ್ಟರು.

ಹಿಂದಿನ ವರ್ಷ ಆರು ತಿಂಗಳು ಟರ್ಕಿಯ ಸಿವಾಸ್‌ನಲ್ಲಿದ್ದು, ಜೈನೆಪ್ ಎಂಬ ಎಪ್ಪತ್ತರ ಹೆಂಗಸಿನ ಬಳಿ ಅಲ್ಲಿನ ಜನಪದ ಹಾಡುಗಳನ್ನು ಕಲಿತಿದ್ದೆ. ಶಾಲೆಯಲ್ಲಿ ಸಂಗೀತ ಹೇಳಿಕೊಡುವ ನನಗೆ ಸ್ವರ ಬರೆದುಕೊಳ್ಳುವ ಅಭ್ಯಾಸ. ಆಕೆ ಮೊದಲ ದಿನವೇ ಪುಸ್ತಕ ಮುಚ್ಚಿಸಿದರು. ಎರಡು ತಿಂಗಳು ಚಹಾ ಕಾಯಿಸುವುದು, ಒಲೆಗೆ ಸೌದೆ ಹಾಕುವುದು, ಕೇಳುತ್ತ ಕೂರುವುದು, ಇಷ್ಟೇ ಪಾಠ. ಒಂದು ಹಾಡು ಯಾರ ಮನೆಯ ದುಃಖವೆಂದು ತಿಳಿಯದೆ ತಂತಿ ಮುಟ್ಟಬಾರದು ಅನ್ನುತ್ತಿದ್ದರು. ಸತ್ತವರನ್ನು ನೆನೆದು ಅಳುವ ಹಾಡನ್ನು ಮಾತ್ರ ಕಲಿಸಲಿಲ್ಲ. ನಿನ್ನ ಸೀಮೆಯ ಹೆಂಗಸರು ಹೇಗೆ ಅಳುತ್ತಾರೋ ಮೊದಲು ಅದನ್ನು ಕಲಿತು ಬಾ ಎಂದರು. ನಮ್ಮ ಮನೆಯ ಸಾವುಗಳಲ್ಲಿ ನಾನು ಮಂತ್ರ ಕೇಳಿದ್ದೆ, ಹಾಡು ಕೇಳಿರಲಿಲ್ಲ.

ಕೆ.ಆರ್. ಪೇಟೆಯಲ್ಲಿ ತಟ್ಟೆ ಇಡ್ಲಿ ತಿಂದು ಅಕ್ಕಿಹೆಬ್ಬಾಳಿನ ಬಸ್ಸು ಹತ್ತಿದೆ. ಹೊರಗೆ ನೀರು ನಿಂತ ಗದ್ದೆಗಳು. ತೂಕಡಿಕೆಯಲ್ಲಿ ಗದ್ದೆಯೂ ಮೋಡವೂ ಒಂದಾಗಿ, ಬಸ್ಸು ಆಕಾಶದ ನಡುವೆ ತೇಲುತ್ತಿರುವಂತೆ ಅನ್ನಿಸಿತು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಸವಿತಾಳ ಸೋದರತ್ತೆ ಕೆಂಪಮ್ಮ ಅಕ್ಕಿಹೆಬ್ಬಾಳಿನವರು. ಸಾವಿನ ಮನೆಯಲ್ಲಿ ಅವರು ಹಾಡಿಕೊಂಡು ಅತ್ತರೆ ಗಂಡಸರೂ ಅಳುತ್ತಾರೆಂದು ಸವಿತಾ ಹೇಳಿದ್ದಳು. ಡೇರಿಗೆ ಹಾಲು ಹಾಕಿ ಬಂದ ಕೆಂಪಮ್ಮ ಕಾಫಿ ಕೊಟ್ಟು, ನಾನು ಬಂದ ಕಾರಣ ಕೇಳಿದರು. ಹೇಳಿದೆ. ಅವರ ಮುಖ ಬಿಗಿಯಾಯಿತು.

"ಬದುಕಿರೋರ ಮನೇಲಿ ಆ ಪದ ಏಳ್ಬಾರ್ದು ಕಣವ್ವ. ಸುಮ್ಸುಮ್ನೆ ಅತ್ರೆ ಸಾವ ಕರ್ದಂಗಾಯ್ತದೆ."

ಅಂಗಡಿಗೆ ಹೋಗಿ ಸಾಮಾನು ಕೇಳಿದಂತೆ ಕೇಳಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಅವರು ನಾಟಿಗೆ ಹೊರಟಿದ್ದರು. ನಾನೂ ಬರಲೇ ಎಂದೆ. ಸೀರೆ ಎತ್ತಿ ಕಟ್ಟಿ ದಿನವಿಡೀ ಅವರ ಪಕ್ಕದಲ್ಲಿ ಪೈರು ನೆಟ್ಟೆ. ಎರಡು ಸಲ ನನ್ನ ಸಾಲನ್ನು ಕಿತ್ತು ಮತ್ತೆ ನೆಡಿಸಿದರು. ಬದುವಿನ ಮೇಲೆ ಮುದ್ದೆ, ಸೊಪ್ಪಿನ ಸಾರು. ಹೆಂಗಸರು ನಾಟಿಯ ಪದ ಹೇಳಿದಾಗ ಕೊನೆಯ ಸಾಲಿಗೆ ದನಿ ಕೂಡಿಸಿದೆ, ಯಾರೂ ಬೇಡವೆನ್ನಲಿಲ್ಲ. ಸಂಜೆ ಕೆಂಪಮ್ಮ ತಾವಾಗಿಯೇ ಉಳಿದುಕೋ ಎಂದರು.

ಭಾನುವಾರ ಬೆಳಿಗ್ಗೆ ಜಗುಲಿಯಲ್ಲಿ ಅವರು ಕೇಳಿದ್ದಕ್ಕೆ ಸಾಜ್ ನುಡಿಸಿದೆ. ಬೆಟ್ಟ ದಾಟಿ ಮದುವೆಯಾಗಿ ಹೋದವಳ ಹಾಡು. ಭಾಷೆ ತಿಳಿಯದ ಕೆಂಪಮ್ಮ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು ಕೇಳಿದರು.

"ಇದ ಕಲಿಸ್ದವ್ರು ಯಾರ ಕಳ್ಕೊಂಡವ್ರೆ?"

ಒಬ್ಬನೇ ಮಗನನ್ನು ಎಂದೆ. ಕಲ್ಲಿದ್ದಲ ಗಣಿಯೊಳಗೆ ಕೆಲಸಕ್ಕೆ ಇಳಿದವನು ಮೇಲೆ ಬರಲಿಲ್ಲ.

"ಎಸ್ರೇನು?"

"ಯೂಸುಫ್."

"ಅಂಗಾರೆ ಆ ಮಗೀಗೆ ಏಳ್ತೀನಿ. ನಿಂಗಲ್ಲ."

ಮನೆಯಲ್ಲಿ ಬೇಡವೆಂದು ಹೇಮಾವತಿಯ ದಡಕ್ಕೆ ಕರೆದೊಯ್ದರು. ತುಂಬಿದ ಹೊಳೆ ಸದ್ದಿಲ್ಲದೆ ಹೋಗುತ್ತಿತ್ತು. ತಲೆಗೆ ಸೆರಗು ಹೊದ್ದು, ನೀರಿನ ಕಡೆ ತಿರುಗಿ ಕೂತು, ಯೂಸುಪ್ಪಾ ಎಂದು ದನಿ ಎತ್ತಿದರು. ಬುತ್ತಿ ಕಟ್ಟಿಸಿಕೊಂಡು ಹೋದವನೇ, ಮಣ್ಣಿನ ಕೆಳಗೆ ನಿನಗೆ ದೀಪ ಹಿಡಿದವರು ಯಾರಪ್ಪ ಎಂದು ಕೇಳಿದರು. ನಿನ್ನವ್ವ ಬಾಗಿಲು ಹಾಕದೆ ಕೂತವಳೆ ಎಂದರು. ಮೂರನೆಯ ಸುತ್ತಿನಲ್ಲಿ ಯೂಸುಫನ ಜೊತೆ ಅವರ ಸತ್ತ ತಮ್ಮನ ಹೆಸರೂ ಬಂತು. ಫೋನು ಚೀಲದಲ್ಲೇ ಇತ್ತು, ರೆಕಾರ್ಡ್ ಮಾಡಲು ತೆಗೆಯುವ ಮನಸ್ಸಾಗಲಿಲ್ಲ. ಯಾವಾಗ ನಾನೂ ಸಾಲು ಹಿಡಿದು ಅಳತೊಡಗಿದೆನೋ ತಿಳಿಯದು. ಮುಗಿದ ಮೇಲೆ ಕೆಂಪಮ್ಮ ಮುಖ ತೊಳೆದುಕೊಂಡು, ನನ್ನ ಮುಖಕ್ಕೂ ನೀರು ಹಾಕಿದರು.

ಮಧ್ಯಾಹ್ನ ಮೈಸೂರಿನ ರೈಲು ಹತ್ತಿದೆ. ಹದಿನೈದು ರೂಪಾಯಿ ಟಿಕೆಟ್. ಕಿಟಕಿಯಲ್ಲಿ ಊರು ಹಿಂದೆ ಸರಿಯುತ್ತಿದ್ದಂತೆ ಆ ಸಾಲುಗಳು ನನಗರಿವಿಲ್ಲದೆ ಬಾಯಿಗೆ ಬಂದವು. ಎದುರು ಕೂತಿದ್ದ ಹೆಂಗಸು ಬಗ್ಗಿ, ಯಾರು ಹೋದರವ್ವ ಎಂದು ಮೆಲ್ಲಗೆ ಕೇಳಿದಳು.

"ನಮ್ಮ ಗುರುಗಳ ಮಗ," ಎಂದೆ.

ಅವಳು ಎದ್ದು ನನ್ನ ಪಕ್ಕಕ್ಕೆ ಬಂದು ಕೂತಳು. ಕೆ.ಆರ್. ನಗರದಲ್ಲಿ ಇಳಿಯುವವರೆಗೂ ನನ್ನ ಕೈ ಬಿಡಲಿಲ್ಲ.